ವಾಕಿಂಗ್ ರಾಯರ ವಾಚು

ಬೆಳಗಿನ ಆರಕ್ಕೆ ಲಾಲ್‌ಬಾಗಿನ ಕೆರೆ ಏರಿಯ ಮೇಲೆ ನಿಂತರೆ ಸಾಕು, ರಾಯರು ತಾವಾಗಿಯೇ ಸಿಗುತ್ತಾರೆ. ಮಂಕಿ ಟೋಪಿ, ಅಮೆರಿಕದಿಂದ ಮಗ ಕಳಿಸಿದ ಬಿಳಿ ಶೂ, ಎಲಾಸ್ಟಿಕ್ ಪ್ಯಾಂಟು, ಎಡಗೈಯಲ್ಲಿ ಹೆಜ್ಜೆ ಎಣಿಸುವ ವಾಚು. ಎದುರು ಸಿಕ್ಕವರಿಗೆ ನಮಸ್ಕಾರ ಗಿಮಸ್ಕಾರ ಇಲ್ಲ. "ಎಷ್ಟಾಯ್ತು ಸಾರ್?" ಅಷ್ಟೇ. ಆರು ಸಾವಿರ ಎಂದವರನ್ನು ಕಂಡರೆ ಅವರಿಗೆ ಕನಿಕರ.

ಅವರ ಮನೆದೇವರು ಹತ್ತು ಸಾವಿರ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕದ ಹೆಸರು 'ಮಾನ್ಪೊ-ಕೆ', ಅಂದರೆ 'ಹತ್ತು ಸಾವಿರ ಹೆಜ್ಜೆಯ ಮೀಟರು'. ಸಂಖ್ಯೆ ಅಲ್ಲಿಂದ ಬಂದದ್ದು, ಡಾಕ್ಟರ ಚೀಟಿಯಿಂದಲ್ಲ ಎಂದು ಒಮ್ಮೆ ಹೇಳಿ ನೋಡಿದೆ. "ಜಪಾನಿನವರು ಸುಮ್ಮನೆ ಹೇಳ್ತಾರೇನ್ರೀ?" ಎಂದು ಇನ್ನೊಂದು ಸುತ್ತು ಹೊರಟೇಬಿಟ್ಟರು. ಹೀಗೆಂದ ಮಹಾನುಭಾವರು, ಇನ್ನೂರು ಹೆಜ್ಜೆ ಖೋತಾ ಬಿದ್ದ ದಿನ ಹೋಟೆಲಿನಲ್ಲಿ ಮಸಾಲೆದೋಸೆಗೆ ಕಾಯುತ್ತ, ಮಂಗಳಾರತಿಯ ಗಂಟೆ ಬಾರಿಸುವವರಂತೆ ಎಡಗೈ ಅಲ್ಲಾಡಿಸಿ ಲೆಕ್ಕ ತುಂಬಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ನಡಿಗೆ ದಂಡ ಎಂದಲ್ಲ. ವಾರಕ್ಕೆ 150 ನಿಮಿಷವಾದರೂ ಮೈ ಬಳಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾಯರು ಅದನ್ನು ಮೂರೇ ದಿನದಲ್ಲಿ ಮುಗಿಸುತ್ತಾರೆ. ತಂಟೆ ಇರುವುದು ಏಳೂವರೆಯ ಮೇಲೆ. ಈಸಿಚೇರಿಗೆ ಬೆನ್ನು ತಗುಲಿತೆಂದರೆ ಆ ದಿನದ ಹೃದಯದ ಬಾಬ್ತು ಚುಕ್ತಾ. ಪೇಪರು, ಟೀವಿಯ ಜಗಳ, ಊಟ, ತೂಕಡಿಕೆ, "ನಾನು ನೋಡೋದೇ ಇಲ್ಲ" ಎನ್ನುತ್ತಲೇ ನೋಡುವ ಧಾರಾವಾಹಿ. ರಾತ್ರಿ ಒಂದರವರೆಗೆ 'ಬೇಗ ಮಲಗಿ, ಹೃದಯ ಉಳಿಸಿ' ಎಂಬ ವೀಡಿಯೊಗಳನ್ನು ನೆಂಟರಿಷ್ಟರಿಗೆಲ್ಲ ರವಾನಿಸುವ ಸಮಾಜಸೇವೆ. ಐದಕ್ಕೆ ಅಲಾರಾಂ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಹೃದಯಾರೋಗ್ಯದ ಪಟ್ಟಿಗೆ ನಿದ್ದೆಯನ್ನೂ ಸೇರಿಸಿತು. ದೊಡ್ಡವರಿಗೆ 7ರಿಂದ 9 ಗಂಟೆ. ತೂಕಡಿಕೆಯ ಗ್ರೇಸ್ ಮಾರ್ಕು ಕೂಡಿಸಿದರೂ ರಾಯರು ಪಾಸಾಗುವುದಿಲ್ಲ.

ರಾಯರನ್ನು ನೋಡಿದಾಗಲೆಲ್ಲ ನನಗೆ ಲಂಡನ್ನಿನ ಡಬಲ್ ಡೆಕ್ಕರ್ ನೆನಪಾಗುತ್ತದೆ. ಜೆರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅದೇ ಬಸ್ಸು, ಅದೇ ರಸ್ತೆ. ಆದರೆ ಕೂತೇ ಇದ್ದ ಡ್ರೈವರುಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿಳಿದು ಟಿಕೆಟ್ ಕೊಟ್ಟ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಪೂರ್ತಿ ತಪ್ಪನ್ನು ಸೀಟಿನ ಮೇಲೆ ಹೊರಿಸುವ ಹಾಗೂ ಇಲ್ಲವೆನ್ನಿ; ಅವರ ಸಮವಸ್ತ್ರದ ಅಳತೆ ತೆಗೆಸಿ ನೋಡಿದರೆ, ಎಳೆಯ ಡ್ರೈವರುಗಳ ಪ್ಯಾಂಟಿನ ಸೊಂಟವೂ ಕಂಡಕ್ಟರುಗಳದಕ್ಕಿಂತ ಅಗಲವಾಗಿತ್ತಂತೆ. ರಾಯರ ಎಲಾಸ್ಟಿಕ್ಕು ಅಂಥ ಗುಟ್ಟನ್ನು ಬಿಟ್ಟುಕೊಡುವುದಿಲ್ಲ.

ಆ ಮನೆಯ ಕಂಡಕ್ಟರು ರಾಯರ ಶ್ರೀಮತಿ. ನೀರು ಬಂತೇ ಎಂದು ಸಂಪಿಗೆ, ಬಟ್ಟೆ ಹರವಲು ತಾರಸಿಗೆ, ತರಕಾರಿ ಗಾಡಿಯ ಕೂಗಿಗೆ ಗೇಟಿಗೆ, ಕುಕ್ಕರಿನ ಕೂಗಿಗೆ ಒಳಕ್ಕೆ. ಕೈಯಲ್ಲಿ ವಾಚಿಲ್ಲ. "ಇವಳಿಗೆ ಎಕ್ಸರ್‌ಸೈಜೇ ಇಲ್ಲ ನೋಡಿ" ಎಂದು ರಾಯರು ಕುರ್ಚಿಯಿಂದಲೇ ನನ್ನೆದುರು ಕೊರಗಿದ್ದುಂಟು.

ಕೂತು ತುಂಬ ಹೊತ್ತಾಯಿತು, ಏಳಿ ಎಂದು ಆ ವಾಚು ಗಂಟೆಗೊಮ್ಮೆ ಗುರ್ರೆನ್ನುತ್ತದೆ. ಮೊನ್ನೆ ನಾನಿದ್ದಾಗಲೂ ಗುರ್ರೆಂದಿತು. ರಾಯರು ಟೀವಿಯಿಂದ ಕಣ್ಣು ಕೀಳದೆ, "ಲೇ ಇವಳೇ, ಗಂಟೆಯಾಯ್ತು ನೋಡು, ಕಾಫಿ" ಎಂದರು.

ಅವರೆಕಾಯಿ ಬಿಡಿಸಲು ಆಗಷ್ಟೇ ಕೂತಿದ್ದ ಆಕೆ ಎದ್ದರು.