ಬೋಂಡನ ಬೆಟ್ಟದ ಸವಾರಿ

ಬಾಸ್ಟನ್ನಿನ ಆಸುಪಾಸಿನಲ್ಲಿ ನಾಯಿ ಸಾಕಿಕೊಂಡ ಕನ್ನಡದವರಿಗೆ ಡಿಸೆಂಬರ್ ಬಂತೆಂದರೆ ಎರಡು ತೊಡಕು. ಒಂದು, ಸೂರ್ಯ ಸಂಜೆ ನಾಲ್ಕೂಕಾಲಿಗೇ ಮುಳುಗಿಬಿಡುತ್ತಾನೆ. ಇನ್ನೊಂದು, ಮೈಸೂರಿಂದ ಬಂದಿರುವ ಅಮ್ಮ ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲವೆಂದು ಯಾರನ್ನೂ ಹೊಸಿಲು ದಾಟಲು ಬಿಡುವುದಿಲ್ಲ. ಉಳಿದ ಬೆಳಕಿನಲ್ಲಿ ಬ್ಲೂ ಹಿಲ್ಸ್ ಹತ್ತಿ ಇಳಿದು ಬರಬೇಕು. ಬಾಗಿಲ ಬಳಿ ಕೂತು ರಾಹುವಿಗೆ ಶಾಪ ಹಾಕುತ್ತಾ ಕುಂಯ್‌ಗುಡುವವನು ನಮ್ಮ ಲ್ಯಾಬ್ರಡಾರ್ ಬೋಂಡ.

ಅವನನ್ನು ಹೊರಡಿಸುವುದೆಂದರೆ ಬೀಗರನ್ನು ಹೊರಡಿಸಿದ ಹಾಗೆ. ಎಷ್ಟು ಉಪಚಾರ ಮಾಡಿದರೂ ಮುಖದಲ್ಲೊಂದು ಅಸಮಾಧಾನ ಇದ್ದೇ ಇರುತ್ತದೆ. ಕತ್ತಿಗೆ ಮಿನುಗುವ ದೀಪ, ಮೈಗೆ ಕಿತ್ತಳೆ ಬಣ್ಣದ ಜಾಕೆಟ್ಟು. ಲ್ಯಾಬ್ರಡಾರಿಗೆ ಹುಟ್ಟಾ ಎರಡು ಪದರದ ತುಪ್ಪಟವಿದೆ, ಜಾಕೆಟ್ಟು ಬೇಕೇ ಬೇಕೆಂದಿಲ್ಲ. ಆದರೆ ಅಮ್ಮ ಮಂಕಿ ಕ್ಯಾಪ್ ಹಾಕಿಕೊಂಡಿರುವಾಗ ನಾಯಿ ಬರಿಮೈಯಲ್ಲಿ ಹೊರಡುವುದುಂಟೇ?

ಪಾದದ ವಿಷಯ ಮಾತ್ರ ಹುಡುಗಾಟವಲ್ಲ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ಅಂಗಾಲನ್ನು ಉರಿಸುತ್ತದೆ, ನೆಕ್ಕಿದರೆ ಹೊಟ್ಟೆ ಕೆಡುತ್ತದೆ. ಕಾಡಿನೊಳಗೆ ಬೇರೆಯೇ ಕಾಟ: ಬೆರಳ ಸಂದಿಯ ಕೂದಲಿಗೆ ಹಿಮ ಅಂಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಗೋಲಿಯಾಗುತ್ತದೆ. ಬೋಂಡ ಕುಂಟುತ್ತಾನೆ, ಆಮೇಲೆ ದಾರಿ ಮಧ್ಯೆ ಕೂತೇಬಿಡುತ್ತಾನೆ. ಕೈಗವಸು ಬಿಚ್ಚಿ, ಅವನ ಪಾದವನ್ನು ಅಂಗೈಯಲ್ಲಿ ಹಿಡಿದು, ಒಂದೊಂದೇ ಗೋಲಿ ಕರಗಿಸಬೇಕು. ಇದಕ್ಕೆಂದೇ ಬೂಟು ತಂದೆವು. ಮೊದಲ ತಿರುವಿನಲ್ಲೇ ಒಂದು ಬೂಟು ಹಿಮದ ಪಾಲಾಯಿತು. ಬೂಟು ಒಲ್ಲದ ನಾಯಿಯ ಅಂಗಾಲಿಗೆ ಮೇಣ ಹಚ್ಚಬಹುದೆಂದು ಹೆಂಡತಿ ಡಬ್ಬಿ ತೆಗೆದಳು.

“ಅದ್ಯಾಕೆ, ಕೊಬ್ಬರಿ ಎಣ್ಣೆ ಇಲ್ವಾ?” ಅಂದರು ಅಮ್ಮ.

“ಈ ಚಳೀಲಿ ಅದು ಕಲ್ಲಾಗಿರುತ್ತಮ್ಮ.”

“ಅದೇ ಮೇಣ ಆಯ್ತಲ್ಲೋ!”

ಬುತ್ತಿಯ ಗಲಾಟೆ ಇನ್ನೂ ದೊಡ್ಡದು. ಅಮ್ಮ ಬೆಳಗ್ಗೆಯೇ ಎದ್ದು ಉಪ್ಪಿಟ್ಟು, ಕೇಸರಿಬಾತ್ ಮಾಡಿ, ಬೋಂಡನ ಪಾಲನ್ನೂ ಬೇರೆ ಡಬ್ಬಿಗೆ ತುಂಬಿದ್ದರು. ಮಗಳು ಮುಚ್ಚಳ ತೆಗೆದು ಕಿರುಚಿಕೊಂಡಳು. ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕುತ್ತು. ನಮ್ಮ ಅಡುಗೆಮನೆಯ ಅರ್ಧ ಪ್ರೀತಿ ನಾಯಿಗೆ ವಿಷ! ಅಮ್ಮ ಮುಖ ಸಪ್ಪೆ ಮಾಡಿಕೊಂಡು, ಒಗ್ಗರಣೆಯಿಲ್ಲದ ಮೊಸರನ್ನ ಒಂದು ತುತ್ತು ಕಲಸಿಟ್ಟರು. ಕುಡಿಯುವ ನೀರನ್ನೂ ಹೊತ್ತೆವು. ಸುತ್ತ ಹಿಮ ಬಿದ್ದಿದೆಯೆಂದು ನಾಯಿ ಅದನ್ನೇ ತಿನ್ನುತ್ತಾ ಹೋದರೆ ಮೈಯ ಕಾವು ಇಳಿಯುತ್ತದೆ.

ಗ್ರೇಟ್ ಬ್ಲೂ ಹಿಲ್ಲಿನ ಎತ್ತರ 635 ಅಡಿ. ತುದಿಯಲ್ಲಿ 1885ರ ಹವಾಮಾನ ವೀಕ್ಷಣಾಲಯವಿದೆ. “ಇದಕ್ಕೂ ಬೆಟ್ಟ ಅಂತಾರಾ?” ಎಂದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರ ಗತ್ತಿನಲ್ಲಿ ಅಮ್ಮ ಕೇಳಿದರು. ಹತ್ತುವಾಗ ಸರಿ. ಇಳಿಯುವಾಗ ಬಂಡೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ, ಮುಂದೆ ಅಳಿಲು ಕಂಡ ಲ್ಯಾಬ್ರಡಾರು! ಶೂಗೆ ಕಬ್ಬಿಣದ ಮುಳ್ಳು ತೊಟ್ಟರೂ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ಸುತ್ತಿಕೊಂಡವರು ಬೆಟ್ಟವನ್ನು ನಾಯಿಯ ವೇಗದಲ್ಲಿ ಇಳಿಯುತ್ತಾರೆ.

ಕೆಳಗೆ ಹೋಟನ್ಸ್ ಪಾಂಡ್ ಹೆಪ್ಪುಗಟ್ಟಿತ್ತು. ಯಾರೋ ಅದರ ಮೇಲೆ ನಡೆಯುತ್ತಿದ್ದರು. ನಡೆಯಲು ಗಟ್ಟಿ ಮಂಜುಗಡ್ಡೆ ನಾಲ್ಕು ಇಂಚಾದರೂ ದಪ್ಪವಿರಬೇಕು ಅನ್ನುತ್ತಾರೆ. ಬೋಂಡನ ಬಳಿ ಅಳತೆಪಟ್ಟಿ ಇಲ್ಲ. ನಾಯಿ ಬಿದ್ದರೆ ಹಿಂದೆ ಹಾರಬೇಡಿ, 911ಕ್ಕೆ ಫೋನ್ ಮಾಡಿ. ಅಮ್ಮ ಹಗ್ಗ ಕಸಿದುಕೊಂಡು “ಬಾರೋ ಈ ಕಡೆ” ಎಂದು ಗದರಿದರು. ನಮ್ಮ ಇಂಗ್ಲಿಷಿಗೆ ಕಿವಿ ಅಲ್ಲಾಡಿಸದವನು ಬಾಲ ಮಡಚಿ ಬಂದ.

ಮನೆ ಸೇರಿದ ಮೇಲೆ ಉಣ್ಣೆ ಹುಡುಕುವ ಕೆಲಸ. ಲೈಮ್ ಕಾಯಿಲೆ ಹರಡುವ ಜಿಂಕೆ ಉಣ್ಣೆ ಚಳಿಗಾಲದಲ್ಲೂ ಬಿಸಿಲು ಕಾದ ದಿನ ಎದ್ದು ಓಡಾಡುತ್ತದೆ. ಇದರಲ್ಲಿ ಅಮ್ಮನನ್ನು ಮೀರಿಸುವವರಿಲ್ಲ. ಮೂರು ತಲೆಮಾರಿನ ಹೇನು ಹೆಕ್ಕಿದ ಬೆರಳು. ಕನ್ನಡಕ ಏರಿಸಿ, ಬೋಂಡನ ಕಿವಿ, ಕಂಕುಳು, ಬೆರಳ ಸಂದಿ ಎಲ್ಲ ಬಿಡಿಸಿ ನೋಡಿ, ಅವನನ್ನು ಆಚೆ ತಳ್ಳಿ ನನ್ನ ಕಡೆ ತಿರುಗಿದರು.

“ಕೂತ್ಕೊ, ನಿನ್ನ ತಲೆ ತೋರಿಸು.”