ಹತ್ತು ರೂಪಾಯಿಯ ಷಡ್ಜ

ಅಮ್ಮನ ಹೊಸ ಶ್ರುತಿಪೆಟ್ಟಿಗೆಯ ಬೆಲೆ ಕೇಳಿದಾಗ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. "ಒಂದೇ ಸಮನೆ ಸೊಂಯ್ ಅನ್ನೋದಕ್ಕೆ ಇಷ್ಟು ದುಡ್ಡಾ? ಹತ್ತು ರೂಪಾಯಿ ಐಸಿಯಲ್ಲಿ ನಾನೇ ಮಾಡಿಕೊಡ್ತೀನಿ" ಅಂದುಬಿಟ್ಟೆ. ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದ್ದು ಇದೇ ಬೆಂಗಳೂರಿನಲ್ಲಿ. ನಾನೂ ಬೆಂಗಳೂರಿನವನು, ನಾನೂ ಎಂಜಿನಿಯರ್. ಕೊಳಲು ಬರುವುದಿಲ್ಲ ಅನ್ನುವುದನ್ನು ಆ ಗಳಿಗೆಯಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲ.

"ಎಸ್‌ಪಿ ರೋಡಿಗೆ ಹೋಗಿ ಎರಡು ತ್ರಿಬಲ್ ಫೈವ್ ತರ್ತೀನಿ" ಎಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಬಿಟ್ಟು ಆರು ವರ್ಷ ಆಗಿತ್ತಲ್ರೀ!" ಇದು ಸೇದುವ 555 ಅಲ್ಲ ಮಾರಾಯ್ತಿ, ಎಂಟು ಕಾಲಿನ ಕರಿ ಹುಳದಂಥ ಐಸಿ, ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಅನ್ನುವ ಸ್ವಿಸ್ ಮೂಲದ ಎಂಜಿನಿಯರ್ 1971ರಲ್ಲಿ ರೂಪಿಸಿದ್ದು, ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತೆ ಎಂದೆಲ್ಲ ವಿವರಿಸಿದೆ. "ಅದೂ ಚಟವೇ" ಎಂದು ದಾರಿ ಬಿಟ್ಟಳು.

555 ಕೆಲಸ ಮಾಡುವ ರೀತಿ ನಮ್ಮ ಮಹಡಿ ಮೇಲಿನ ನೀರಿನ ಟ್ಯಾಂಕಿನದೇ. ಕೆಪಾಸಿಟರ್ ಅನ್ನುವ ಪುಟ್ಟ ತೊಟ್ಟಿಗೆ ರೆಸಿಸ್ಟರ್ ಅನ್ನುವ ಪೈಪಿನಲ್ಲಿ ವಿದ್ಯುತ್ ತುಂಬುತ್ತದೆ. ಬ್ಯಾಟರಿಯ ಮೂರನೇ ಎರಡು ಭಾಗದಷ್ಟು ವೋಲ್ಟೇಜ್ ಏರಿತೋ, ಐಸಿ ನಲ್ಲಿ ತೆರೆಯುತ್ತದೆ. ಮೂರನೇ ಒಂದಕ್ಕೆ ಇಳಿಯಿತೋ, ಮುಚ್ಚುತ್ತದೆ. ಹೀಗೆ ಸೆಕೆಂಡಿಗೆ ಸುಮಾರು 262 ಸಲ ತುಂಬಿ ಇಳಿದರೆ ಹಾರ್ಮೋನಿಯಂನ ಬಿಳಿ ಒಂದರ ಷಡ್ಜ. ನಮ್ಮ ಮನೆ ಟ್ಯಾಂಕು ದಿನಕ್ಕೊಂದು ಸಲ ತುಂಬುತ್ತದೆ. ಅದರ ಷಡ್ಜ ಆನೆಗೂ ಕೇಳಿಸಲಿಕ್ಕಿಲ್ಲ. ಲೆಕ್ಕ ಹಾಕಿದೆ: 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, ಒಂದು ಕಿಲೋ ಓಮ್, ಇಪ್ಪತ್ತೇಳು ಕಿಲೋ ಓಮ್. ಉತ್ತರ 261.8. ಕಾಗದದ ಮೇಲೆ ನನ್ನಷ್ಟು ಶ್ರುತಿಶುದ್ಧ ಮನುಷ್ಯ ಇನ್ನೊಬ್ಬನಿರಲಿಲ್ಲ.

ಮೊದಲ 555 ಅನ್ನು ಬ್ರೆಡ್‌ಬೋರ್ಡಿಗೆ ತಲೆಕೆಳಗಾಗಿ ಚುಚ್ಚಿದೆ. ಅದು ಬೆಚ್ಚಗಾಗಿ, ಬಿಸಿಯಾಗಿ, ಸುಟ್ಟ ವಾಸನೆ ಬಿಟ್ಟು ತೀರಿಕೊಂಡಿತು. "ಸೇದೋದೇ ವಾಸಿ ಇತ್ತು" ಎಂದು ಅಡುಗೆಮನೆಯಿಂದ ದನಿ ಬಂತು. ಎರಡನೆಯದನ್ನು ಕಚ್ಚು ನೋಡಿ ಸರಿಯಾಗಿ ಕೂರಿಸಿ, ಒಂಬತ್ತು ವೋಲ್ಟಿನ ಬ್ಯಾಟರಿ ಸಿಕ್ಕಿಸಿದೆ. ಸ್ಪೀಕರಿನಿಂದ ಹೊರಟದ್ದು ಷಡ್ಜವಲ್ಲ, ಕಿವಿಗೆ ಸೂಜಿ ಚುಚ್ಚುವಂಥ ಕೀಚಲು. ಬೀದಿ ನಾಯಿಗಳು ಮಾತ್ರ ದನಿಗೂಡಿಸಿದವು.

ತಪ್ಪು ಕಣ್ಣಿನದು. ರೆಸಿಸ್ಟರಿನ ಬಣ್ಣದ ಪಟ್ಟಿ ನೆನಪಿಡಲು ಡಿಪ್ಲೊಮಾದಲ್ಲಿ ನಮಗೆ ಗ್ರೇಟ್ ಬ್ರಿಟನ್ನಿನ ಬಿ.ಬಿ. ರಾಯ್ ಎಂಬ ಸಂಭಾವಿತನನ್ನು ಪರಿಚಯಿಸಿದ್ದರು. ಆತನಿಗೆ ಬಹಳ ಒಳ್ಳೆಯ ಹೆಂಡತಿ ಬೇರೆ. ಆ ರಾಯರ ಹೆಸರಿನಲ್ಲಿ ಕೆಂಪು ಮೊದಲು, ಕಿತ್ತಳೆ ಆಮೇಲೆ. ಟ್ಯೂಬ್‌ಲೈಟಿನಲ್ಲಿ, ನಲವತ್ತೈದು ದಾಟಿದ ಕಣ್ಣಿಗೆ ಎರಡೂ ಕುಂಕುಮವೇ. ಕೆಂಪು-ನೇರಳೆ-ಕಿತ್ತಳೆಯ ಜಾಗದಲ್ಲಿ ಕೆಂಪು-ನೇರಳೆ-ಕೆಂಪು ಹಾಕಿ, ಇಪ್ಪತ್ತೇಳರ ಬದಲು 2.7 ಕಿಲೋ ಓಮಿನಷ್ಟೇ ಕೊಟ್ಟಿದ್ದೆ. 2,250 ಹರ್ಟ್ಸ್! ಷಡ್ಜ ಮೂರು ಸ್ಥಾಯಿ ಹತ್ತಿ, ಇನ್ನೂ ಒಂದು ಮೆಟ್ಟಿಲು ಮೇಲೆ ಕೂತು ಕಿರುಚುತ್ತಿತ್ತು.

ಬಣ್ಣ ಸರಿಪಡಿಸಿ ಅಮ್ಮನನ್ನು ಕರೆದೆ. ಅವರು ಕಣ್ಣು ಮುಚ್ಚಿ ಅರೆ ನಿಮಿಷ ಕೇಳಿದರು. "ಇದು ನೀನು ಹೇಳಿದ ಸಾ ಅಲ್ವಲ್ಲೋ. ರಿಷಭ. ಚತುಶ್ರುತಿ." ಫೋನಿನ ಟ್ಯೂನರ್ ಹಿಡಿದು ನೋಡಿದೆ, ರಿಷಭವೇ. ಬಿಲ್ಲೆ ಕೆಪಾಸಿಟರ್ ತನ್ನ ಮೈಮೇಲೆ ಬರೆದದ್ದಕ್ಕಿಂತ ಶೇ. 20ರಷ್ಟು ಹೆಚ್ಚುಕಡಿಮೆ ಇರಬಹುದು, ಅದು ಅದರ ಹಕ್ಕು ಎಂದೆ. "ನಮ್ಮಲ್ಲಿ ಅದಕ್ಕೆ ಅಪಶ್ರುತಿ ಅಂತಾರೆ. ಅದೂ ಅಲ್ದೆ, ನೆಗಡಿ ಆದೋರು ಹಾಡಿದ ಹಾಗಿದೆ ಕಣೋ." ಅದೂ ನಿಜ. 555 ಹೊರಡಿಸುವುದು ಚೌಕದ ಅಲೆ, ಒಂದೋ ಪೂರ್ತಿ ಮೇಲೆ, ಇಲ್ಲವೇ ಪೂರ್ತಿ ಕೆಳಗೆ. ತಂಬೂರಿಯಂತೆ ಮೀಟಿ, ಅರಳಿ, ನಿಧಾನ ಆರಿಹೋಗುವ ಸಂಸ್ಕಾರ ಅದಕ್ಕಿಲ್ಲ.

ಫಾರೆಸ್ಟ್ ಮಿಮ್ಸ್ ಎಂಬ ಅಮೆರಿಕದ ಲೇಖಕರು ಎರಡು 555 ಜೋಡಿಸಿ ಹಳೇ ವಿಡಿಯೊ ಗೇಮಿನಂತೆ ಬಡಬಡಿಸುವ ಸರ್ಕ್ಯೂಟ್ ಕೊಟ್ಟಿದ್ದಾರೆ. ಮುಂದೆ ಅದು ಅಟಾರಿ ಪಂಕ್ ಕನ್ಸೋಲ್ ಎಂದು ಹೆಸರಾಯಿತು. ಒಂದು ಆಗಲೇ ಸತ್ತಿದ್ದರಿಂದ ನನಗೆ ಆ ಯೋಗವಿರಲಿಲ್ಲ. ಉಳಿದದ್ದಕ್ಕೇ ರೆಸಿಸ್ಟರ್ ಕಿತ್ತು ಎಲ್‌ಡಿಆರ್ ಹಾಕಿದೆ. ಬೆಳಕು ಬಿದ್ದರೆ ಅದರ ತಡೆ ಇಳಿದು ಸ್ವರ ಏರುತ್ತದೆ. ನೆರಳು ಬಿದ್ದರೆ ಸ್ವರ ಕುಸಿಯುತ್ತದೆ.

ಮಧ್ಯಾಹ್ನ ಕಿಟಕಿಯ ಬಳಿ ಅದನ್ನು ಇಟ್ಟು ಕಾಫಿಗೆಂದು ಎದ್ದಿದ್ದೆ. ಬಾಗಿಲ ಮರೆಯಿಂದ ನೋಡಿದರೆ ಅಮ್ಮ ಅದರ ಮೇಲೆ ಅಂಗೈ ಹಿಡಿದು ಮೆಲ್ಲಗೆ ಆಡಿಸುತ್ತಿದ್ದಾರೆ. ನೆಗಡಿಯ ಸ್ವರ ಬಳುಕಿತು, ತೂಗಿತು, ತೋಡಿಯ ಗಾಂಧಾರದ ಹತ್ತಿರಕ್ಕೆ ಹೋಗಿ ನಾಚಿಕೊಂಡು ವಾಪಸಾಯಿತು. ಅಮ್ಮ ಇನ್ನೊಮ್ಮೆ ಕೈ ಆಡಿಸಿದರು. ಉಸಿರು ಬಿಗಿಹಿಡಿದು ನಿಂತೆ. ಆಗ ಹೊರಗೆ ಮೋಡ ಕವಿದು ಕೋಣೆ ಮಂಕಾಯಿತು. ಗಾಂಧಾರ ಜಾರಿ, ಮಂದ್ರ ದಾಟಿ, ಟರ್ರ್ ಟರ್ರ್ ಎಂದು ವಟಗುಟ್ಟತೊಡಗಿತು.

ಅಮ್ಮ ಕೈ ಹಿಂತೆಗೆದುಕೊಂಡು, ನನ್ನತ್ತ ತಿರುಗಿಯೂ ನೋಡದೆ ಅಂದರು: "ನಿನ್ನ ಕಪ್ಪೆ ಕೂಗ್ತಿದೆ. ಮಳೆ ಬರುತ್ತೆ, ಮೇಲೆ ಹೋಗಿ ಬಟ್ಟೆ ತಗೊಂಡು ಬಾ."