ಯಾವೂರು-ಪ್ರಮೇಯ: ಕಿರುತೆರೆಯ ಗೂಢಚಾರ ಕಥನಗಳ ವಾಸ್ತವತೆ ಮತ್ತು ಕುತೂಹಲ ಕುರಿತು ಒಂದು ಮಂಡ್ಯ ಮೀಮಾಂಸೆ

ಕಿರುತೆರೆಯ ಗೂಢಚಾರ ಧಾರಾವಾಹಿ ಎಷ್ಟು ವಾಸ್ತವ ಎಂಬುದನ್ನು ಪಂಡಿತರು ಇಲ್ಲಿಯವರೆಗೆ ಅಳೆದಿರುವುದು ಪಿಸ್ತೂಲು ಹಿಡಿದು. ನಾಯಕ ಎಷ್ಟು ಗುಂಡು ಹಾರಿಸಿದ, ಆ ಪಿಸ್ತೂಲಿನಲ್ಲಿ ಅಷ್ಟು ಗುಂಡು ಹಿಡಿಯುತ್ತವೆಯೇ, ಮೂರನೆಯ ಮಹಡಿಯಿಂದ ಹಾರಿದವನು ಮರುಕ್ಷಣ ಎದ್ದು ಓಡಬಲ್ಲನೇ ಎಂದು ಲೆಕ್ಕ ಹಾಕುವ ಈ ಸಂಪ್ರದಾಯವನ್ನು ಪ್ರಸ್ತುತ ಪ್ರಬಂಧವು ‘ಪಿಸ್ತೂಲು ಪಂಥ’ ಎಂದು ಕರೆದು, ಗೌರವಪೂರ್ವಕವಾಗಿ ಪಕ್ಕಕ್ಕೆ ಸರಿಸುತ್ತದೆ. ಗುಂಡಿನ ಲೆಕ್ಕ ತಪ್ಪಿದರೆ ಕ್ಷಮಿಸಬಹುದು. ಕ್ಷಮಿಸಲಾಗದ ಸುಳ್ಳು ಬೇರೆಯೇ ಇದೆ: ಹತ್ತು ಕಂತು ಕಳೆದರೂ ಆ ಮನುಷ್ಯನನ್ನು ಯಾರೂ ‘ಯಾವೂರು?’ ಎಂದು ಕೇಳುವುದೇ ಇಲ್ಲ.

ಈ ಕೊರತೆಯಿಂದ ಹುಟ್ಟಿದ್ದು ಯಾವೂರು-ಪ್ರಮೇಯ. ಗೂಢಚಾರ ಕಥೆ ನಡೆಯಬೇಕಾದರೆ ಅಪರಿಚಿತನೊಬ್ಬ ಅಪರಿಚಿತನಾಗಿಯೇ ಉಳಿಯಬಲ್ಲ ಊರು ಬೇಕು. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಮಕಾರಗಳ ನಡುವೆ ಅಂಥ ಜಾಗ ಇಲ್ಲ.

ಶಾಸ್ತ್ರಾಧಾರವಿಲ್ಲದೆ ಮಾತಾಡುವವರು ನಾವಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಗೂಢಚಾರರನ್ನು ಒಂದೆಡೆ ನೆಲೆ ನಿಂತ ‘ಸಂಸ್ಥೆ’ ಮತ್ತು ಊರೂರು ಸುತ್ತುವ ‘ಸಂಚಾರ’ ಎಂದು ಎರಡಾಗಿ ವಿಂಗಡಿಸುತ್ತದೆ. ಈ ಗ್ರಂಥದ ಓಲೆಪ್ರತಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು 1905ರಲ್ಲಿ, ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ, ಅಚ್ಚಾದದ್ದು 1909ರಲ್ಲಿ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅಂದರೆ ಗ್ರಂಥ ಹೊರಬಂದ ಮೇಲೂ ಮೂವತ್ತು ವರ್ಷ ಮಂಡ್ಯದವರು ಅದೇ ಮೈಸೂರು ಜಿಲ್ಲೆಯಲ್ಲಿದ್ದರು. ಇಷ್ಟು ಹತ್ತಿರದಲ್ಲಿದ್ದ ಮೇಲೆ ಪ್ರಭಾವ ಆಗಿಯೇ ಇರಬೇಕು ಎಂಬುದು ತೌಲನಿಕ ಅಧ್ಯಯನದ ಸರ್ವಮಾನ್ಯ ವಿಧಾನ. ಟೀ ಅಂಗಡಿಯ ಬೆಂಚು, ಅರಳಿಕಟ್ಟೆ, ಕ್ಷೌರದಂಗಡಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಹೆಂಗಸರು ಸೇರುವ ಹಾಲಿನ ಡೈರಿ: ಇವು ಸಂಸ್ಥೆಗಳು. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರು, ಸೊಪ್ಪು ಮಾರುವಾಕೆ, ಬಸ್ಸಿನ ಕಂಡಕ್ಟರು: ಇವರು ಸಂಚಾರಗಳು. ಮೂವರು ಬೇರೆ ಬೇರೆಯಾಗಿ ಒಂದೇ ಸುದ್ದಿ ತಂದರೆ ನಂಬಬಹುದು ಎಂಬುದು ಕೌಟಿಲ್ಯನ ನಿಯಮ. ನಮ್ಮ ಕಡೆ ಅದನ್ನು ಮೂರು ಬೆಂಚಿನ ನಿಯಮ ಎನ್ನಬಹುದು. ನಾಲ್ಕನೆಯ ಬೆಂಚಿಗೆ ಹೋಗುವಷ್ಟರಲ್ಲಿ ಸುದ್ದಿ ಹಳತಾಗಿರುತ್ತದೆ.

ಈಗ ಪ್ರಯೋಗ. ಕಿರುತೆರೆಯ ನಾಯಕನೊಬ್ಬನನ್ನು ಕಲ್ಪಿಸಿಕೊಳ್ಳಿ: ಕಪ್ಪು ಕೋಟು, ಕಪ್ಪು ಕನ್ನಡಕ, ಕಿವಿಯೊಳಗೆ ಏನೋ ಒಂದು. ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಅಂಗಡಿಯೊಂದರ ಪಕ್ಕ ಪೇಪರ್ ಬಿಡಿಸಿ ನಿಲ್ಲುತ್ತಾನೆ. ಧಾರಾವಾಹಿಗಳಲ್ಲಿ ಪೇಪರ್ ಹಿಡಿದವನು ಯಾರ ಕಣ್ಣಿಗೂ ಬೀಳುವುದಿಲ್ಲ.

“ಮಧ್ಯದ್ ಪುಟ ಒಸಿ ಕೊಡಿ ಸಾ. ಯಾವೂರು ತಮ್ದು?”

“ಬೆಂಗಳೂರು.”

“ಬೆಂಗ್ಳೂರು ಅದೆಲ್ಲಾ ಊರಾ, ಬುಡಿ. ಮೂಲ ಯಾವೂರು? ಇಲ್ಲಿ ಯಾರ್ ಮನೆಗ್ ಬಂದಿದ್ರಿ?”

“ಯಾರ ಮನೆಗೂ ಇಲ್ಲ. ಸುಮ್ಮನೆ.”

“ಸುಮ್ಕೆ ಮದ್ದೂರ್ಗೆ ಯಾರ್ ಬತ್ತಾರೆ ಸಾ? ವಡೆ ತಿನ್ನಾಕೆ ಬಂದೋರು ತಿಂದು ಒಂಟೋಯ್ತಾರೆ. ನೀವು ತಿಂದೂ ಇಲ್ಲ, ಒಂಟೂ ಇಲ್ಲ.”

ಈ ಕೊನೆಯ ಮಾತಿನ ತರ್ಕಶುದ್ಧಿಯನ್ನು ಓದುಗರು ಗಮನಿಸಬೇಕು. ಲಂಡನ್ನಿನ ಬೇಹುಗಾರಿಕೆ ಕಚೇರಿ ಇಷ್ಟಕ್ಕೆ ಒಂದು ಸಮಿತಿ ಮಾಡುತ್ತಿತ್ತು.

ವಿದೇಶಿ ನಿದರ್ಶನಗಳಿಗೂ ಪ್ರಮೇಯವನ್ನು ಅನ್ವಯಿಸಿ ನೋಡೋಣ. 1973ರ ಸೋವಿಯತ್ ಧಾರಾವಾಹಿ ‘ಸೆವೆಂಟೀನ್ ಮೊಮೆಂಟ್ಸ್ ಆಫ್ ಸ್ಪ್ರಿಂಗ್’ನಲ್ಲಿ ಹನ್ನೆರಡು ಕಂತು. ನಾತ್ಸಿಗಳ ನಡುವೆ ವೇಷ ಮರೆಸಿಕೊಂಡಿರುವ ಸ್ಟಿರ್ಲಿಟ್ಸ್‌ಗೆ ಕಾಫಿಮನೆಯೊಂದರಲ್ಲಿ ಹೆಂಡತಿಯ ಮುಖ ದೂರದಿಂದ ತೋರಿಸುತ್ತಾರೆ. ಅವನು ಒಂದು ಮೇಜಿನಲ್ಲಿ, ಅವಳು ಇನ್ನೊಂದರಲ್ಲಿ. ನಿಮಿಷಗಟ್ಟಲೆ ಮಾತಿಲ್ಲ, ನೋಟ ಮಾತ್ರ. ರಷ್ಯನ್ನರು ಇವತ್ತಿಗೂ ನೆನೆಯುವ ದೃಶ್ಯ. ಇದನ್ನು ಮಂಡ್ಯದ ಹೋಟೆಲಿಗೆ ತಂದರೆ ಮೊದಲ ನಿಮಿಷದಲ್ಲೇ ಎದುರಿನ ಕುರ್ಚಿಗೆ ಒಬ್ಬರು ಬಂದು ಕೂರುತ್ತಾರೆ. ಇಲ್ಲಿ ಒಬ್ಬನಿಗೇ ಒಂದು ಟೇಬಲ್ ಎಂಬ ಪದ್ಧತಿಯಿಲ್ಲ. ಎರಡನೆಯ ನಿಮಿಷಕ್ಕೆ ಸಪ್ಲೈಯರ್ ಬಂದು “ಇನ್ನೇನ್ ಕೊಡ್ಲಿ?” ಎನ್ನುತ್ತಾನೆ. ನೋಟ ಎತ್ತ ಹೋಗುತ್ತಿದೆ ಎಂಬುದು ಅವನಿಗೆ ಆಗಲೇ ತಿಳಿದಿದೆ. ಮೂರನೆಯ ನಿಮಿಷಕ್ಕೆ ಎರಡೂ ಟೇಬಲಿನ ಬಿಲ್ಲನ್ನು ಒಟ್ಟಿಗೆ ತಂದು ಸ್ಟಿರ್ಲಿಟ್ಸ್ ಮುಂದೆ ಇಡುತ್ತಾನೆ. ಸೋವಿಯತ್ ಒಕ್ಕೂಟದ ರಹಸ್ಯ ಅಲ್ಲಿಗೆ ಬಯಲು.

ಬ್ರಿಟನ್ನಿನ ‘ದಿ ಸ್ಯಾಂಡ್‌ಬ್ಯಾಗರ್ಸ್’ (1978–80) ಮಾತ್ರ ನಮ್ಮ ಸೀಮೆಯಲ್ಲಿ ನಿಲ್ಲಬಲ್ಲದು. ಅದನ್ನು ಸೃಷ್ಟಿಸಿದ ಇಯಾನ್ ಮ್ಯಾಕಿಂಟಾಶ್ ನೌಕಾಪಡೆಯಲ್ಲಿದ್ದವರು. ಧಾರಾವಾಹಿ ಮುಗಿಯುವ ಮೊದಲೇ, 1979ರಲ್ಲಿ, ಅಲಾಸ್ಕಾದ ಕಡಲ ಮೇಲೆ ವಿಮಾನದೊಂದಿಗೆ ಕಣ್ಮರೆಯಾದರು. ಅದರಲ್ಲಿ ಗುಂಡಿನ ಸದ್ದು ಕಡಿಮೆ. ಕಂತುಗಟ್ಟಲೆ ನಡೆಯುವುದು ಖರ್ಚಿಗೆ ಹಣ ಯಾರು ಕೊಡಬೇಕು, ಅನುಮತಿಗೆ ಯಾರು ರುಜು ಹಾಕಬೇಕು, ಮೇಲಿನವರು ಊಟಕ್ಕೆ ಹೋಗಿ ಯಾವಾಗ ಬರುತ್ತಾರೆ ಎಂಬ ಜಗಳ. ಪಿಸ್ತೂಲು ಪಂಥದವರಿಗೆ ಆಕಳಿಕೆ ಬರಿಸುವ ಈ ಭಾಗಗಳು, ಪಹಣಿಯಲ್ಲಿ ತಪ್ಪಾದ ಒಂದು ಹೆಸರನ್ನು ಸರಿಪಡಿಸಲು ಅಲೆದ ರೈತನಿಗೆ ಮೈ ನವಿರೇಳಿಸುತ್ತವೆ. ಕಡತ ಆ ಮೇಜಿನಿಂದ ಈ ಮೇಜಿಗೆ ಬಂತೇ? ಬಂದರೆ ಸಾಹೇಬರು ಮೀಟಿಂಗಿಗೆ ಹೋದರೇ? ನಮ್ಮದೇ ‘ದಿ ಫ್ಯಾಮಿಲಿ ಮ್ಯಾನ್’ (2019) ಕೂಡ ಸಂಬಳ, ಸಾಲ, ಮಕ್ಕಳ ಹಟ ಎಲ್ಲವನ್ನೂ ತೋರಿಸಿ ವಾಸ್ತವಕ್ಕೆ ಸಾಕಷ್ಟು ಹತ್ತಿರ ಬಂದಿದೆ. ಆದರೆ ಆತ ತನ್ನ ನಿಜವಾದ ಕೆಲಸ ಮುಚ್ಚಿಟ್ಟಿದ್ದಷ್ಟು ಕಾಲ ಪಕ್ಕದ ಮನೆಯವರು ಏನು ಮಾಡುತ್ತಿದ್ದರು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಚರಿತ್ರೆ ಏನೆನ್ನುತ್ತದೆ? 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಕಾಳಗವಾಯಿತು. ಆಮೇಲೆ ಹ್ಯಾರಿಸ್ ಟಿಪ್ಪು ನಿರೀಕ್ಷಿಸಿದ್ದ ದಾರಿ ಬಿಟ್ಟು, ಸೋಸಲೆಯ ಬಳಿ ಕಾವೇರಿ ದಾಟಿಬಿಟ್ಟ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಇತಿಹಾಸಕಾರರು ಇದಕ್ಕೆ ಹತ್ತಾರು ಕಾರಣ ಕೊಡುತ್ತಾರೆ, ಕೊಡಲಿ. ಇಡೀ ಸೈನ್ಯ ಎತ್ತು, ಗಾಡಿ, ಫಿರಂಗಿ ಸಮೇತ ಸೋಸಲೆ ಕಡೆ ತಿರುಗಿದ್ದನ್ನು ಮಳವಳ್ಳಿಯ ಯಾವ ಕಟ್ಟೆಯೂ ಕಂಡಿರಲಿಲ್ಲ ಎಂದರೆ ಪ್ರಸ್ತುತ ಪ್ರಬಂಧಕಾರ ಒಪ್ಪುವುದಿಲ್ಲ. ಕಟ್ಟೆಗೆ ಗೊತ್ತಿತ್ತು, ಕೇಳಿದವರಿಲ್ಲ.

ಇನ್ನು ಕುತೂಹಲ. ಬಾಂಬು ಥಟ್ಟನೆ ಸಿಡಿದರೆ ಅದು ಬರೀ ಬೆಚ್ಚುವಿಕೆ. ಮೇಜಿನ ಕೆಳಗೆ ಬಾಂಬಿದೆ ಎಂದು ಪ್ರೇಕ್ಷಕನಿಗೆ ಮೊದಲೇ ತಿಳಿಸಿ, ಮೇಜಿನ ಮೇಲೆ ಕ್ಷುಲ್ಲಕ ಮಾತು ಮುಂದುವರಿಸಿದರೆ ಅದು ಕುತೂಹಲ ಎಂದವನು ಹಿಚ್‌ಕಾಕ್. ಮಳವಳ್ಳಿಯಿಂದ ಮದ್ದೂರಿಗೆ ಬಸ್ಸು ಹತ್ತಿ ದೊಡ್ಡ ನೋಟು ಕೊಟ್ಟವರಿಗೆ ಈ ಸಿದ್ಧಾಂತವನ್ನು ವಿವರಿಸಬೇಕಾಗಿಲ್ಲ. ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದು “ಇಳೀವಾಗ ಇಸ್ಕಳಿ” ಎಂದು ಮುಂದೆ ಹೋಗುತ್ತಾನೆ. ಅಲ್ಲಿಂದ ಶುರು. ಪ್ರಯಾಣಿಕನಿಗೆ ಬಾಂಬಿನ ಅರಿವಿದೆ, ಕಂಡಕ್ಟರಿಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ, ನಡುವೆ ಜನ, ಮೂಟೆ, ಕಾಲೇಜಿನ ಬ್ಯಾಗುಗಳ ಕೋಟೆ, ಊರು ಹತ್ತಿರವಾಗುತ್ತಿದೆ. ಒಂದು ದಿನದ ಕಥೆಯನ್ನು ಗಂಟೆಗೊಂದು ಕಂತಿನಂತೆ ಹೇಳಿದ ಅಮೆರಿಕದ ‘24’ ಗಡಿಯಾರ ಟಿಕ್‌ಟಿಕ್ ಎನಿಸಿದ್ದೇ ಬಂತು, ಚಿಲ್ಲರೆಯ ವಿಷಯಕ್ಕೆ ಕೈ ಹಾಕುವ ಧೈರ್ಯ ಮಾಡಲಿಲ್ಲ.

ಆದರೆ ಜಿಲ್ಲೆಯ ಮಹಾಧಾರಾವಾಹಿ ಅದಲ್ಲ. ಅದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುವ ಕನ್ನಂಬಾಡಿಯ ನೀರಿನ ಮಟ್ಟ. ಕೊನೆ ಎಲ್ಲರಿಗೂ ಗೊತ್ತು: 124.80 ಅಡಿ. ಆದರೂ 118ರಿಂದ 119ಕ್ಕೆ ಏರುವುದನ್ನು ಜನ ಉಸಿರು ಬಿಗಿಹಿಡಿದು ಓದುತ್ತಾರೆ. ಒಳಹರಿವು, ಹೊರಹರಿವು ಎಂಬ ಎರಡು ಸಾಲಿನಲ್ಲಿ ನಾಯಕ ಪ್ರತಿನಾಯಕರ ಸೆಣಸಾಟ. ಹಿನ್ನೆಲೆ ಕಥೆ 1924ರ ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು ಎಂದು ಬೆಳೆಯುತ್ತಲೇ ಇದೆ. ಖಳನಾಯಕ ಯಾರೆಂಬುದಕ್ಕೆ ಮಾತ್ರ ಎರಡು ರಾಜ್ಯಗಳಲ್ಲಿ ಎರಡು ಆವೃತ್ತಿ. ಗೂಢಚಾರರು ಇಲ್ಲಿ ಗುಟ್ಟಿನ ಸಂಕೇತವಾಕ್ಯ ಬಳಸಲಾಗದಿರುವುದಕ್ಕೂ ಇದೇ ಕಾರಣ. “ಕಟ್ಟೆ ಎಷ್ಟಡಿ ಆಗದೆ?” ಎಂಬುದನ್ನು ಸಂಕೇತವಾಗಿ ಇಟ್ಟುಕೊಂಡ ಏಜೆಂಟು ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಉಚ್ಚರಿಸಿದರೆ, ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲರೂ ಸರಿಯುತ್ತರ ಕೊಡುತ್ತಾರೆ. ದೇಶದ ರಹಸ್ಯವನ್ನು ಯಾರಿಗೆ ಒಪ್ಪಿಸುವುದು?

ಆಕ್ಷೇಪಗಳು ಎರಡು. ‘ಜೇಡರ ಬಲೆ’ (1968) ಬಂದಾಗ ಸಿಐಡಿ 999ನನ್ನು ನಾವು ನಂಬಲಿಲ್ಲವೇ ಎಂಬುದು ಮೊದಲನೆಯದು. ನಂಬಿದೆವು, ರಾಜ್‌ಕುಮಾರ್ ಅವರನ್ನು. ಯಾವ ವೇಷದಲ್ಲಿ ಬಂದರೂ ಟೆಂಟಿನಲ್ಲಿದ್ದವರೆಲ್ಲ “ಅಣ್ಣಾವ್ರು!” ಎಂದು ಶಿಳ್ಳೆ ಹೊಡೆಯುತ್ತಿರುವಾಗ ಪರದೆಯ ಮೇಲಿನ ಖಳನೊಬ್ಬನಿಗೇ ಗುರುತು ಸಿಗದಿದ್ದರೆ, ಆ ಖಳ ನಮ್ಮ ಕಡೆಯವನಲ್ಲ ಎಂದಷ್ಟೇ ಸಿದ್ಧವಾಗುತ್ತದೆ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಗೂಢಚಾರ ಮದ್ದೂರನ್ನೂ ಮಂಡ್ಯವನ್ನೂ ಬೈಪಾಸಿನಲ್ಲೇ ದಾಟಬಹುದಲ್ಲ ಎಂಬುದು ಎರಡನೆಯದು. ದಾಟಬಹುದು. ವಡೆಯೂ ಸಿಗುವುದಿಲ್ಲ, ಸುದ್ದಿಯೂ ಸಿಗುವುದಿಲ್ಲ. ಟೋಲ್ ಮಾತ್ರ ಕಡಿತವಾಗುತ್ತದೆ.

ಪ್ರಯೋಗದ ಎರಡನೆಯ ಹಂತದಲ್ಲಿ ನಮ್ಮ ನಾಯಕ ಮದ್ದೂರು ಬಿಟ್ಟು ಮಳವಳ್ಳಿ ಕಡೆಯ ಹಳ್ಳಿಯೊಂದರಲ್ಲಿ, ಒಂದು ಮನೆಗೆ ಎದುರಾಗಿ ಅರಳಿಕಟ್ಟೆಯ ಮೇಲೆ ಕೂತು ನಿಗಾ ಇಟ್ಟ. ಯಾರು ಬಂದರು, ಯಾರು ಹೋದರು, ಎಷ್ಟು ಹೊತ್ತಿಗೆ ದೀಪ ಆರಿತು. ಮೂರು ಬೆಂಚುಗಳ ವರದಿ ಸಂಜೆಯೊಳಗೆ ಬಂತು. ಮೂರರಲ್ಲೂ ಒಂದೇ ಮಾತು: “ಗಂಡಿನ್ ಕಡೆಯೋರು, ಇಚಾರಿಸ್ಕಂಡ್ ಓಗಾಕ್ ಬಂದವ್ರೆ.” ಕೌಟಿಲ್ಯನ ನಿಯಮದಂತೆ ಇದು ಈಗ ಸತ್ಯ. ಕಟ್ಟುಕಥೆ ಹೆಣೆಯುವ ಶ್ರಮವನ್ನು ಊರೇ ವಹಿಸಿಕೊಂಡಿತ್ತು. ಒಳಗೆ ಕರೆದರು, ಕಾಫಿ ಕೊಟ್ಟರು. ಹುಡುಗಿಯ ಸೋದರಮಾವ ಎದುರು ಕೂತು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

“ಉಡುಗುನ್ಗೆ ಎಷ್ಟ್ ಎಕ್ರೆ ಐತೆ? ನಾಲೆ ನೀರು ಬತ್ತದಾ, ಇಲ್ಲ ಖುಷ್ಕಿನಾ?”

ಯಾವ ಚಿತ್ರಹಿಂಸೆಗೂ ಬಾಯಿ ಬಿಡದಂತೆ ತರಬೇತಿ ಪಡೆದಿದ್ದವನು ತಲೆ ತಗ್ಗಿಸಿ, “ಎರಡೆಕರೆ, ಖುಷ್ಕಿ” ಎಂದ. ಸಂಬಂಧ ಕೂಡಿಬರಲಿಲ್ಲ.